ಕೊಟ್ಟ ಮಾತು, ಬಾರದ ನೆರವು



ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವಾಗ ನೆಲಮಂಗಲ ದಾಟಿ ದಾಬಸ್‌ಪೇಟೆಯ ಸಮೀಪಕ್ಕೆ ಬಂದರೆ ಶಿವಗಂಗೆಯ ಬೆಟ್ಟ ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಅದೇ ಸೀಮೆಯಲ್ಲಿರುವ ನಿಜಗಲ್ ದುರ್ಗವನ್ನು ಗಮನಿಸುವವರು ಕಡಿಮೆ. ಬಂಡೆಗಳ ನಡುವೆ ಕೋಟೆಗೋಡೆಯ ಅವಶೇಷಗಳನ್ನು ಹೊತ್ತು ನಿಂತಿರುವ ಈ ಬೆಟ್ಟದ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆನಿಸಿದೆ. ಏಕೆಂದರೆ ಇತ್ತೀಚೆಗೆ ನಮ್ಮ ದಿನಪತ್ರಿಕೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತಿದೆ. ಬಲಿಷ್ಠ ರಾಷ್ಟ್ರವೊಂದರ ಮೇಲೆ ಅದರ ಹಳೆಯ ಮಿತ್ರರಾಷ್ಟ್ರಗಳಿಗಿದ್ದ ನಂಬಿಕೆ ಕುಸಿಯುತ್ತಿದೆ ಎಂಬ ಮಾತದು. ಇದು ಎಲ್ಲೋ ಸಾಗರದಾಚೆಯ ಸಮಾಚಾರ, ನಮಗೇನು ಎಂದು ಪುಟ ತಿರುವುವುದು ಸುಲಭ. ಆದರೆ ಅಂಥ ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ, ಸತ್ತ ಮೇಲೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನಾವು ನಡೆದಾಡುವ ಈ ನೆಲವೇ ಬಲ್ಲದು.

ಹದಿನೆಂಟನೆಯ ಶತಮಾನದ ಉತ್ತರಾರ್ಧವನ್ನು ನೆನಪಿಗೆ ತಂದುಕೊಳ್ಳಿ. ಮೈಸೂರಿನ ಅಧಿಕಾರ ಹೈದರಾಲಿಯ ಕೈಯಲ್ಲಿತ್ತು. ಮದ್ರಾಸಿನಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಬೇರೂರಿತ್ತು. 1767ರಲ್ಲಿ ಇವರಿಬ್ಬರ ನಡುವೆ ಯುದ್ಧ ಆರಂಭವಾಯಿತು. ಯುದ್ಧದ ಬಿಸಿ ನಮ್ಮ ಹೊಸಕೋಟೆಗೂ ತಟ್ಟಿತು. 1768ರ ಆಗಸ್ಟ್ ತಿಂಗಳಲ್ಲಿ, ಇಂಗ್ಲಿಷರೊಡನೆ ಕೂಡಿಕೊಂಡಿದ್ದ ಗುತ್ತಿಯ ಮುರಾರಿರಾವ್ ಘೋರ್ಪಡೆ ಹೊಸಕೋಟೆಯ ಬಳಿ ಬೀಡುಬಿಟ್ಟಿದ್ದಾಗ, ಹೈದರನ ಸೈನ್ಯ ರಾತ್ರಿಯ ಹೊತ್ತಿನಲ್ಲಿ ಆ ಪಾಳೆಯದ ಮೇಲೆ ಎರಗಿತು. ಆ ದಾಳಿ ಫಲಿಸಲಿಲ್ಲ. ಆದರೆ ಮರುವರ್ಷ ಹೈದರನು ಯಾರೂ ನಿರೀಕ್ಷಿಸದ ವೇಗದಲ್ಲಿ ಕುದುರೆ ಸವಾರರೊಡನೆ ಮದ್ರಾಸಿನ ಹೊಸ್ತಿಲಿಗೇ ಬಂದು ನಿಂತನು. ಕಂಪನಿಯವರಿಗೆ ಸಂಧಿಯ ಹೊರತು ಬೇರೆ ದಾರಿ ಉಳಿಯಲಿಲ್ಲ.

1769ರ ಏಪ್ರಿಲ್‌ನಲ್ಲಿ ಆದ ಆ ಒಪ್ಪಂದಕ್ಕೆ ಮದ್ರಾಸು ಒಪ್ಪಂದವೆಂದು ಹೆಸರು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಬೇಕೆಂಬುದು ಅದರ ಒಂದು ಷರತ್ತು. ಇನ್ನೊಂದು ಷರತ್ತು ಹೈದರನಿಗೆ ಅದಕ್ಕಿಂತಲೂ ಮುಖ್ಯವಾಗಿತ್ತು. ಒಬ್ಬರ ಮೇಲೆ ಮೂರನೆಯವರು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಿಗೆ ಬರತಕ್ಕದ್ದು. ಉತ್ತರದಲ್ಲಿ ಮರಾಠರು ಯಾವಾಗ ಬೇಕಾದರೂ ಬರಬಹುದೆಂಬುದು ಅವನಿಗೆ ಗೊತ್ತಿತ್ತು. ಆ ದಿನಕ್ಕಾಗಿ ಅವನು ಒಬ್ಬ ಮಿತ್ರನನ್ನು ಸಂಪಾದಿಸಿಕೊಂಡೆನೆಂದು ನಂಬಿದನು.

ಆ ದಿನ ಬರಲು ಒಂದು ವರ್ಷವೂ ಬೇಕಾಗಲಿಲ್ಲ. ಪೇಶ್ವೆ ಮಾಧವರಾಯನ ಮಹಾಸೈನ್ಯ ಮೈಸೂರು ಸೀಮೆಯೊಳಕ್ಕೆ ನುಗ್ಗಿತು. ಕೋಟೆಗಳು ಒಂದರ ಹಿಂದೊಂದು ಬಿದ್ದವು. ಹೈದರನು ಮದ್ರಾಸಿಗೆ ಕರೆ ಕಳುಹಿಸಿದನು. 1770ರಲ್ಲಿ ಮರಾಠರು ನಿಜಗಲ್ ದುರ್ಗಕ್ಕೆ ಮುತ್ತಿಗೆ ಹಾಕಿದರು. ಅಲ್ಲಿನ ಕಿಲ್ಲೇದಾರ ಸರ್ದಾರ್ ಖಾನ್ ಸುಮಾರು ಮೂರು ತಿಂಗಳ ಕಾಲ ಆ ಸಣ್ಣ ಕೋಟೆಯನ್ನು ಉಳಿಸಿಕೊಂಡನು. ಮುತ್ತಿಗೆಯ ಕಾಲದಲ್ಲಿ ಪೇಶ್ವೆಯ ತಮ್ಮನೇ ಗಾಯಗೊಂಡನು. ಕೊನೆಗೆ ಮರಾಠರ ಜೊತೆಗಿದ್ದ ಚಿತ್ರದುರ್ಗದ ಪಾಳೆಯಗಾರನ ಬೇಡರ ಪಡೆ ಬಂಡೆಗಳನ್ನೇರಿ ಕೋಟೆಯನ್ನು ಗೆದ್ದುಕೊಟ್ಟಿತು. ಆ ಮೂರು ತಿಂಗಳಲ್ಲಿ ಮದ್ರಾಸಿನಿಂದ ಒಂದು ತುಕಡಿಯೂ ಬರಲಿಲ್ಲ.

ಕೋಟೆ ಬಿದ್ದ ಮೇಲೆ ನಡೆದುದನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಕೋಪಗೊಂಡಿದ್ದ ಪೇಶ್ವೆಯು ಬದುಕುಳಿದ ಕಾವಲು ಸೈನಿಕರ ಕಿವಿಮೂಗುಗಳನ್ನು ಕೊಯ್ಯಿಸಿದನಂತೆ. ಸರ್ದಾರ್ ಖಾನನನ್ನು ಮುಂದೆ ತಂದು ನಿಲ್ಲಿಸಿದಾಗ ಅವನು ಅಳುಕಲಿಲ್ಲ. ಅಂಗಹೀನತೆ ತನ್ನದಾಗಬಹುದು, ಆದರೆ ಅವಮಾನ ಅದನ್ನು ಮಾಡಿಸಿದವರದು ಎಂಬ ಭಾವದ ಉತ್ತರವನ್ನು ಕೊಟ್ಟನಂತೆ. ಪೇಶ್ವೆಯು ಅವನನ್ನು ಯಾವ ಹಾನಿಯೂ ಇಲ್ಲದೆ ಬಿಟ್ಟುಬಿಟ್ಟನು. ಸರ್ದಾರ್ ಖಾನನ ಹೆಸರು ಇತಿಹಾಸದಲ್ಲಿ ಉಳಿಯಿತು. ಕಿವಿಮೂಗು ಕಳೆದುಕೊಂಡ ಸೈನಿಕರ ಒಂದು ಹೆಸರೂ ನಮಗೆ ತಿಳಿದಿಲ್ಲ. ಮದ್ರಾಸು ಒಪ್ಪಂದಕ್ಕೆ ಸಹಿ ಹಾಕಿದವರು ಅವರಲ್ಲ. ಅದನ್ನು ಮುರಿದವರೂ ಅವರಲ್ಲ. ಆದರೆ ಮುರಿದ ಮಾತಿನ ಬೆಲೆಯನ್ನು ಮೊದಲು ತೆತ್ತವರು ಅವರು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಕಂಪನಿಯವರ ಬಳಿ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಮರಾಠರಿಗೆ ಸಲ್ಲಬೇಕಾದ ಕಪ್ಪವನ್ನು ಹೈದರನೇ ತಡೆಹಿಡಿದು ಅವರನ್ನು ಕೆಣಕಿದ್ದಾನೆ ಎಂಬುದು ಒಂದು. ಅವರ ಆಶ್ರಿತನಾದ ಆರ್ಕಾಟಿನ ನವಾಬನಿಗೆ ಹೈದರನನ್ನು ಕಂಡರಾಗದು ಎಂಬುದು ಮತ್ತೊಂದು. ಮರಾಠರಂಥ ಬಲಶಾಲಿಗಳ ವೈರವನ್ನು ಮೈಮೇಲೆ ಎಳೆದುಕೊಳ್ಳುವ ಮನಸ್ಸಿಲ್ಲದಿದ್ದುದು ಮಗದೊಂದು. ಒಂದೊಂದು ಕಾರಣದಲ್ಲಿಯೂ ಸ್ವಲ್ಪ ಸತ್ಯವಿದ್ದೀತು. ಆದರೆ ಇವುಗಳಲ್ಲಿ ಯಾವುದೂ ಸಹಿ ಹಾಕುವ ದಿನ ಇರದೆ ಹೊಸದಾಗಿ ಹುಟ್ಟಿದ ಕಾರಣವಲ್ಲ. ಕರೆ ಬಂದಾಗ ಮಾತ್ರ ಅವು ನೆನಪಾದವು. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನ ಸೈನ್ಯ ದಾರುಣವಾಗಿ ಸೋತಿತು. 1772ರಲ್ಲಿ ಅಪಾರ ಹಣವನ್ನೂ ಪ್ರದೇಶಗಳನ್ನೂ ತೆತ್ತು ಅವನು ಸಂಧಿ ಮಾಡಿಕೊಂಡನು.

ಆ ಬಳಿಕ ಏನಾಯಿತೆಂಬುದನ್ನು ನೀವು ಗಮನವಿಟ್ಟು ನೋಡಬೇಕು. ಹೈದರನು ಕೂಡಲೇ ಯುದ್ಧ ಸಾರಲಿಲ್ಲ. ಹಲವು ವರ್ಷಗಳ ಕಾಲ ಇಂಗ್ಲಿಷರೊಡನೆ ಪತ್ರವ್ಯವಹಾರ ನಡೆದೇ ಇತ್ತು. ಆದರೆ ಅವನು ಮೆಲ್ಲಗೆ ಬೇರೆ ಬಾಗಿಲುಗಳನ್ನು ತಟ್ಟತೊಡಗಿದನು. ಫ್ರೆಂಚರ ಸ್ನೇಹ ಗಾಢವಾಯಿತು. ಮಲಬಾರ್ ತೀರದ ಮಾಹೆ ಬಂದರಿನ ಮೂಲಕ ಅವನಿಗೆ ಶಸ್ತ್ರಾಸ್ತ್ರಗಳು ಬರತೊಡಗಿದವು. ಮಾಹೆಯು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಎಚ್ಚರಿಸಿದರೂ 1779ರ ಮಾರ್ಚ್‌ನಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಹತ್ತು ವರ್ಷಗಳ ಹಿಂದೆ ಬತ್ತತೊಡಗಿದ್ದ ನಂಬಿಕೆಯ ಕೊನೆಯ ಹನಿಯೂ ಅಂದು ಆರಿಹೋಯಿತು.

ಅದೇ 1779ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಕ್ರೈಸ್ತರಾದ ನಾವು ವಿಶೇಷವಾಗಿ ನೆನೆಯಬೇಕು. ಹೈದರನ ಮನಸ್ಸನ್ನು ತಿಳಿಯಲು ಮದ್ರಾಸಿನ ಗವರ್ನರ್ ಥಾಮಸ್ ರಂಬೋಲ್ಡ್ ಒಬ್ಬ ದೂತನನ್ನು ಕಳುಹಿಸಬೇಕಾಗಿತ್ತು. ಆತ ಆರಿಸಿದ್ದು ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಎಂಬ ಜರ್ಮನ್ ಮಿಷನರಿಯನ್ನು. ಶ್ವಾರ್ಟ್ಸ್ ಲೂಥರನ್ ಸಭೆಗೆ ಸೇರಿದವರು, ನಮ್ಮ ಸಭೆಯವರಲ್ಲ. ತಂಜಾವೂರು, ತಿರುಚಿನಾಪಳ್ಳಿಗಳಲ್ಲಿ ಸರಳವಾಗಿ ಬದುಕುತ್ತಿದ್ದ ಅವರು ಇಲ್ಲಿನ ಭಾಷೆಗಳನ್ನು ಕಲಿತಿದ್ದರು. ಇಂಗ್ಲಿಷರ ಅಧಿಕಾರಿಗಳನ್ನು ನಂಬದ ಹೈದರನು ಈ ಒಬ್ಬ ಪಾದ್ರಿಯ ಮಾತನ್ನು ಮಾತ್ರ ನಂಬುವುದಾಗಿ ತಿಳಿಸಿದ್ದನೆಂದು ಹೇಳಲಾಗಿದೆ. ಶ್ರೀರಂಗಪಟ್ಟಣದಲ್ಲಿ ಅವರನ್ನು ಗೌರವದಿಂದ ಬರಮಾಡಿಕೊಂಡು, ಇಂಗ್ಲಿಷರು ಮಾತು ಮುರಿದುದನ್ನೆಲ್ಲ ಅವರ ಮುಂದೆ ಬಿಚ್ಚಿಟ್ಟನು. ಹೊರಡುವಾಗ ದಾರಿಖರ್ಚಿಗೆಂದು ಕೊಟ್ಟ 300 ರೂಪಾಯಿಗಳನ್ನು ಶ್ವಾರ್ಟ್ಸ್ ತಮಗಾಗಿ ಇಟ್ಟುಕೊಳ್ಳಲಿಲ್ಲ. ಅದನ್ನು ಮದ್ರಾಸಿನ ಸರ್ಕಾರಕ್ಕೆ ಒಪ್ಪಿಸಲು ಹೋದರು. ನೀವೇ ಇರಿಸಿಕೊಳ್ಳಿ ಎಂದಾಗ ತಂಜಾವೂರಿನಲ್ಲಿ ಅನಾಥ ಮಕ್ಕಳ ಶಾಲೆಗೆಂದು ಅದನ್ನು ತೆಗೆದಿಟ್ಟರು.

ಮರುವರ್ಷ ಯುದ್ಧ ಬಂದೇ ಬಂದಿತು. 1780ರ ಜುಲೈನಲ್ಲಿ ಹೈದರನ ಸೈನ್ಯ ಘಟ್ಟವಿಳಿದು ಆರ್ಕಾಟ್ ಸೀಮೆಯೊಳಕ್ಕೆ ಹರಿಯಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ನುಚ್ಚುನೂರಾಯಿತು. ಊರುಗಳು ಉರಿದವು, ಕೆರೆಕಟ್ಟೆಗಳು ಒಡೆದವು, ಬರಗಾಲ ಬಂದಿತು. ಅಲ್ಲಿಯೂ ಬೆಲೆ ತೆತ್ತವರು ಮದ್ರಾಸಿನ ಕೋಟೆಯೊಳಗೆ ಕುಳಿತು ತೀರ್ಮಾನ ಮಾಡಿದವರಲ್ಲ, ಹೊಲ ಗದ್ದೆಗಳಲ್ಲಿದ್ದವರು. ಆ ವಿನಾಶದ ನಡುವೆಯೂ ಹೈದರನು ತನ್ನ ಅಧಿಕಾರಿಗಳಿಗೆ ಒಂದು ಆಜ್ಞೆ ಮಾಡಿದ್ದನು. ಪಾದ್ರಿ ಶ್ವಾರ್ಟ್ಸರನ್ನು ತಡೆಯಬಾರದು, ಅವರು ಎಲ್ಲಿಗೆ ಬೇಕಾದರೂ ಹೋಗಿಬರಲಿ. ಬೃಹತ್ ಸೈನ್ಯವನ್ನೂ ಹಡಗುಗಳನ್ನೂ ಹೊಂದಿದ್ದ ಕಂಪನಿಗೆ ಸಿಗದ ವಿಶ್ವಾಸ ಬರಿಗೈಯ ಒಬ್ಬ ಸೇವಕನಿಗೆ ಶತ್ರುವಿನ ಪಾಳೆಯದಲ್ಲಿಯೂ ದೊರಕಿತು.

ಆದರೆ ಹೈದರನನ್ನು ಬರಿಯ ನೊಂದವನೆಂದು ಚಿತ್ರಿಸಿದರೆ ಕಥೆ ಅರ್ಧವಾದೀತು. ನಿಜಗಲ್ಲನ್ನು ಗೆದ್ದುಕೊಟ್ಟ ಚಿತ್ರದುರ್ಗದ ಮದಕರಿ ನಾಯಕನನ್ನು ನೀವು ತ.ರಾ.ಸು. ಅವರ ‘ದುರ್ಗಾಸ್ತಮಾನ’ದಿಂದ ಬಲ್ಲಿರಿ. ಈ ನಾಯಕನು ಮೊದಲು ಹೈದರನ ದಂಡಯಾತ್ರೆಗಳಲ್ಲಿ ನೆರವಾದವನೇ. ಎರಡು ಬಲಿಷ್ಠ ಶಕ್ತಿಗಳ ನಡುವೆ ಸಿಕ್ಕಿಕೊಂಡ ಸಣ್ಣ ರಾಜ್ಯದ ಒಡೆಯ, ಮರಾಠರು ಬಂದಾಗ ಅವರ ಕಡೆ ನಿಂತನು. ಹೈದರನು ಅದನ್ನು ಮರೆಯಲಿಲ್ಲ. 1779ರಲ್ಲಿ ಚಿತ್ರದುರ್ಗ ಅವನ ವಶವಾಯಿತು. ನಾಯಕನೂ ಅವನ ಕುಟುಂಬದವರೂ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ತನಗಿಂತ ಬಲಶಾಲಿಯಿಂದ ವಚನಭಂಗದ ನೋವುಂಡವನು ತನಗಿಂತ ದುರ್ಬಲನಾದ ಹಳೆಯ ಮಿತ್ರನಿಗೆ ಕ್ಷಮೆ ತೋರಲಿಲ್ಲ. ಅವಿಶ್ವಾಸ ಮೇಲಿನಿಂದ ಕೆಳಕ್ಕೆ ಹರಿಯುವುದು ಹೀಗೆಯೇ.

ನಂಬಿಕೆ ಇಲ್ಲದಲ್ಲಿ ಏನನ್ನು ಒತ್ತೆಯಿಡಬೇಕಾಗುತ್ತದೆ ಎಂಬುದಕ್ಕೆ ದೇವನಹಳ್ಳಿ ಸಾಕ್ಷಿ. ಟಿಪ್ಪು ಸುಲ್ತಾನ ಹುಟ್ಟಿದ್ದು ಅಲ್ಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ತನ್ನ ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಅಷ್ಟು ಸಾಲದೆ, ಉಳಿದ ಹಣ ಸಂದಾಯವಾಗುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಲಾರ್ಡ್ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಒಬ್ಬನಿಗೆ ಸುಮಾರು 10 ವರ್ಷ, ಇನ್ನೊಬ್ಬನಿಗೆ 8. ಎರಡು ವರ್ಷಗಳ ನಂತರ, 1794ರ ಮಾರ್ಚ್‌ನಲ್ಲಿ, ಕ್ಯಾಪ್ಟನ್ ಡವ್ಟನ್ ಎಂಬಾತ ಆ ಮಕ್ಕಳನ್ನು ಮರಳಿ ಕರೆತಂದು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿಯೇ. ಮಾತಿಗೆ ಬೆಲೆಯಿದ್ದಾಗ ಒಂದು ಸಹಿ ಸಾಕು. ಮಾತಿಗೆ ಬೆಲೆ ಹೋದ ಮೇಲೆ ತಾಯಂದಿರ ಮಡಿಲಿನಿಂದ ಮಕ್ಕಳನ್ನು ಕೇಳಲಾಗುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಜಗತ್ತನ್ನು ನೋಡಿ. 1949ರಲ್ಲಿ ಅಮೆರಿಕ, ಕೆನಡಾ ಮತ್ತು ಯುರೋಪಿನ 10 ರಾಷ್ಟ್ರಗಳು ಸೇರಿ ನ್ಯಾಟೋ ಎಂಬ ಕೂಟವನ್ನು ಕಟ್ಟಿದವು. ಒಬ್ಬರ ಮೇಲೆ ಬಿದ್ದ ಪೆಟ್ಟನ್ನು ಎಲ್ಲರ ಮೇಲೂ ಬಿದ್ದ ಪೆಟ್ಟೆಂದು ಭಾವಿಸುವುದಾಗಿ ಮಾತುಕೊಟ್ಟವು. ಆ ಮಾತನ್ನು ಇದುವರೆಗೆ ಅಧಿಕೃತವಾಗಿ ಬಳಸಿದ್ದು ಒಂದೇ ಸಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಸಣ್ಣ ರಾಷ್ಟ್ರಗಳು ಅಮೆರಿಕದ ನೆರವಿಗೆ ನಿಂತಾಗ. ಆ ಕರೆಗೆ ಓಗೊಟ್ಟ ಪುಟ್ಟ ಡೆನ್ಮಾರ್ಕ್ ಅಫ್ಘಾನಿಸ್ತಾನದಲ್ಲಿ ತನ್ನ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. 2025ರ ಜನವರಿಯಲ್ಲಿ, ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಡೊನಾಲ್ಡ್ ಟ್ರಂಪ್, ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡನ್ನು ಪಡೆಯಲು ಸೇನಾಬಲವನ್ನು ಬಳಸುವುದಿಲ್ಲವೆಂಬ ಭರವಸೆಯನ್ನು ಕೊಡಲು ನಿರಾಕರಿಸಿದರು. ಸತ್ತ ಸೈನಿಕರ ಮನೆಗಳಲ್ಲಿ ಆ ಸುದ್ದಿಯನ್ನು ಹೇಗೆ ಕೇಳಿರಬಹುದೆಂದು ಊಹಿಸಿ.

ಭಾರತವು ಆ ಕೂಟದ ಸದಸ್ಯ ರಾಷ್ಟ್ರವಲ್ಲ. ಆದರೂ ಅಮೆರಿಕದೊಡನೆ ವರ್ಷಗಳಿಂದ ಬೆಳೆಸಿಕೊಂಡು ಬಂದ ಸ್ನೇಹವಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಅನೇಕ ಸರಕುಗಳ ಮೇಲೆ ಅಮೆರಿಕವು ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿನಂಥ ಸ್ಥಳಗಳಲ್ಲಿ ಸಿದ್ಧ ಉಡುಪು ಹೊಲಿಯುವ ಹೆಣ್ಣುಮಕ್ಕಳು ಮುಂದಿನ ತಿಂಗಳ ಕೆಲಸದ ಚಿಂತೆ ಮಾಡುವಂತಾಯಿತು. ಅವರು ಯಾವ ರಾಜತಾಂತ್ರಿಕ ಮೇಜಿನ ಬಳಿಯೂ ಕುಳಿತವರಲ್ಲ. ನಿಜಗಲ್ಲಿನ ಕಾವಲುಗಾರರ ಹಾಗೆಯೇ ಅವರೂ ದೂರದ ತೀರ್ಮಾನಗಳ ಕೆಳಗೆ ಬದುಕುವವರು.

ಬಲಿಷ್ಠನಾದವನು ಮಾತನ್ನು ಉಳಿಸಿಕೊಂಡ ಉದಾಹರಣೆ ಬೇಕೆಂದರೆ ಪವಿತ್ರ ಬೈಬಲಿನ ಯೆಹೋಶುವನ ಗ್ರಂಥವನ್ನು ತೆರೆಯಿರಿ. ಗಿಬ್ಯೋನಿನ ಜನ ಹರಿದ ಕೆರಗಳನ್ನು ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿಯನ್ನು ತೋರಿಸಿ, ತಾವು ಬಹುದೂರದಿಂದ ಬಂದವರೆಂದು ಸುಳ್ಳು ಹೇಳಿ ಇಸ್ರಯೇಲರಿಂದ ಅಭಯ ಪಡೆದರು. ಮೂರೇ ದಿನಗಳಲ್ಲಿ ಮೋಸ ಬಯಲಾಯಿತು. ಒಪ್ಪಂದವನ್ನು ಹರಿದೆಸೆಯಲು ಇದಕ್ಕಿಂತ ದೊಡ್ಡ ಕಾರಣ ಬೇಕೆ? ಆದರೆ ಹಿರಿಯರು ದೇವರ ಹೆಸರಿನಲ್ಲಿ ಆಣೆಯಿಟ್ಟಿದ್ದರು. ಅವರು ಹಿಂಜರಿಯಲಿಲ್ಲ. ಐವರು ಅರಸರು ಗಿಬ್ಯೋನಿನ ಮೇಲೆ ದಂಡೆತ್ತಿ ಬಂದಾಗ ಯೆಹೋಶುವನು ಇಡೀ ರಾತ್ರಿ ನಡೆದು ಅವರ ನೆರವಿಗೆ ಧಾವಿಸಿದನು. ಮುಂದೆ ಅರಸನಾದ ಸೌಲನು ಇದೇ ಗಿಬ್ಯೋನರ ಮೇಲೆ ಕೈಯೆತ್ತಿದನು. ಅದರ ಫಲವಾಗಿ ದಾವೀದನ ಕಾಲದಲ್ಲಿ ಮೂರು ವರ್ಷ ಬರಗಾಲ ಬಂತೆಂದು ಸಮುವೇಲನ ಗ್ರಂಥ ಹೇಳುತ್ತದೆ. ಒಬ್ಬನು ಮುರಿದ ಮಾತಿಗೆ ಇನ್ನೊಂದು ತಲೆಮಾರು ಹಸಿದಿತ್ತು.

ಇದೆಲ್ಲ ಅರಸರ, ರಾಷ್ಟ್ರಗಳ ಮಾತಾಯಿತು ಎನ್ನುವಿರಾ? ಹಾಗಾದರೆ ನಾನು ಕಂಡ ಒಂದು ಮನೆಯ ಮಾತನ್ನು ಕೇಳಿ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾಗುವ ಮುನ್ನವೇ ಸುತ್ತಲಿನ ಜಮೀನಿನ ಬೆಲೆ ಏರತೊಡಗಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳ ಸುತ್ತ ಕಲ್ಲುಕಂಬಗಳು ಎದ್ದವು. ನನಗೆ ಪರಿಚಯವಿದ್ದ ಒಂದು ಕುಟುಂಬದಲ್ಲಿ, ಜಮೀನು ಮಾರಿದರೆ ತಂಗಿಗೂ ಒಂದು ಪಾಲು ಕೊಡುವುದಾಗಿ ಅಣ್ಣನಾದವನು ತಂದೆಯ ಹಾಸಿಗೆಯ ಬಳಿ ಮಾತುಕೊಟ್ಟಿದ್ದನು. ಜಮೀನು ಮಾರಾಟವಾಯಿತು. ಮೂರು ವರ್ಷಗಳ ಬಳಿಕ ತಂಗಿಯ ಗಂಡ ಕಾಯಿಲೆ ಬಿದ್ದಾಗ ಆಕೆ ಅಣ್ಣನ ಮನೆಗೆ ಹೋದಳು. ನನ್ನ ಬಳಿ ಬಂದು ಆಕೆ ಹೇಳಿದ ಮಾತು ಇಷ್ಟೇ: “ಅಣ್ಣ ಇಲ್ಲ ಅನ್ನಲಿಲ್ಲ ಫಾದರ್. ಈಗ ಕೈಯಲ್ಲಿಲ್ಲ, ನೋಡೋಣ ಅಂದ.” ಆಕೆ ಜಗಳವಾಡಲಿಲ್ಲ. ಒಡವೆಗಳನ್ನು ಅಡವಿಟ್ಟಳು. ಆ ವರ್ಷದಿಂದ ಊರಹಬ್ಬಕ್ಕೆ ತವರಿಗೆ ಬರುವುದನ್ನು ಬಿಟ್ಟಳು. ಅಣ್ಣನ ಮನೆಯಲ್ಲಿ ಅದನ್ನು ಯಾರೂ ಜಗಳವೆಂದು ಎಣಿಸಲಿಲ್ಲ. ಏಕೆಂದರೆ ಯಾರೂ ಗಟ್ಟಿಯಾಗಿ ಮಾತನಾಡಿರಲಿಲ್ಲ.

ಎಷ್ಟೋ ವರ್ಷಗಳ ನಂತರ, ತಾಯಿಯ ಮರಣದ ಬಳಿಕ, ಆ ಅಣ್ಣ ತಾನಾಗಿಯೇ ತಂಗಿಯ ಮನೆಗೆ ಹೋದನು. ಉಳಿದಿದ್ದ ಒಂದು ನಿವೇಶನವನ್ನು ಆಕೆಯ ಹೆಸರಿಗೆ ನೋಂದಣಿ ಮಾಡಿಸಿಕೊಟ್ಟನು. ಈಗ ಆಕೆ ಹಬ್ಬಕ್ಕೆ ಬರುತ್ತಾಳೆ, ಅತ್ತಿಗೆಯೊಡನೆ ಕುಳಿತು ಊಟ ಮಾಡುತ್ತಾಳೆ. ಆದರೆ ಹಣದ ವಿಷಯ ಬಂದರೆ ಪ್ರತಿಯೊಂದನ್ನೂ ಕಾಗದದಲ್ಲಿ ಬರೆಸಿಕೊಳ್ಳುತ್ತಾಳೆ. ಅಣ್ಣನಿಗೆ ಅದು ನೋವಿನ ಸಂಗತಿ. ಆದರೂ ಅವನು ಮರುಮಾತಿಲ್ಲದೆ ಸಹಿ ಹಾಕುತ್ತಾನೆ. ನಂಬಿಕೆ ಮರಳಿ ಬರುವ ದಾರಿ ಇದೊಂದೇ ಎಂದು ನನಗೆ ತೋರುತ್ತದೆ. ಕಳೆದುಕೊಂಡವನು ಮೊದಲು ನಡೆದು ಹೋಗಬೇಕು, ನಷ್ಟವನ್ನು ತುಂಬಿಕೊಡಬೇಕು, ಆಮೇಲೆಯೂ ಬಹುಕಾಲ ಸಂಶಯವನ್ನು ಸಹಿಸಿಕೊಳ್ಳಬೇಕು.

ಪ್ರಿಯರೇ, ರಾಷ್ಟ್ರಗಳ ಒಪ್ಪಂದಗಳನ್ನು ತಿದ್ದುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ನಮ್ಮ ಮನೆಗಳಲ್ಲಿ, ಬಂಧುಬಳಗದಲ್ಲಿ, ಕೆಲಸದ ಸ್ಥಳದಲ್ಲಿ ನಮಗಿಂತ ದುರ್ಬಲರಾದ ಒಬ್ಬರಿಗಾದರೂ ನಾವೇ ಬಲಿಷ್ಠ ರಾಷ್ಟ್ರ. ಕೂಲಿಯಾಳಿಗೆ ಹಬ್ಬದ ಮುಂಚೆ ಕೊಡುತ್ತೇನೆಂದ ಹಣ, ತಮ್ಮನ ಮಗನಿಗೆ ಕಟ್ಟುತ್ತೇನೆಂದ ಕಾಲೇಜಿನ ಶುಲ್ಕ, ವಯಸ್ಸಾದ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದ ದಿನ, ಇವೆಲ್ಲ ನಾವು ಸಹಿ ಹಾಕಿದ ಒಪ್ಪಂದಗಳೇ. ನೆರವಿಗಾಗಿ ಕಾದಿರುವವರು ಕೂಗಿ ಕೇಳುವುದಿಲ್ಲ. ಅವರು ಸುಮ್ಮನಾಗಿಬಿಡುತ್ತಾರೆ, ಇನ್ನೊಂದು ಬಾಗಿಲನ್ನು ಹುಡುಕುತ್ತಾರೆ. ನಿಮ್ಮ ಬಂಧುಗಳಲ್ಲಿ ಇತ್ತೀಚೆಗೆ ಹಾಗೆ ಸುಮ್ಮನಾದವರು ಯಾರಾದರೂ ಇದ್ದರೆ, ಅವರಿಗೆ ಏನೆಂದು ಮಾತುಕೊಟ್ಟಿದ್ದಿರೆಂದು ಒಮ್ಮೆ ನೆನೆಸಿಕೊಳ್ಳಿ. ಬರುವ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಮರಳುವ ಮುನ್ನ, ಅವರ ಮನೆಯ ಕಡೆಗೊಮ್ಮೆ ಹೋಗಿಬನ್ನಿ.